ನಕಲಿನ ಮೂಲ ಯಾವುದು?

ಕಳೆದ ವರ್ಷ ನನ್ನ ಪದವಿ ತರಗತಿಯವರಿಗೆ ಒಂದು ಪ್ರಬಂಧ ಬರೆದು ತರಲು ಹೇಳಿದ್ದೆ. ವಿಷಯ, ಬಿ. ಎಂ. ಶ್ರೀಕಂಠಯ್ಯನವರ ನಾಟಕಗಳು. ಈ ವಿಷಯವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ‘ಶ್ರೀ’ಯವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ನಾನಿರುವುದು ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ. ಹೊಸಗನ್ನಡಕ್ಕೆ ದಾರಿ ತೋರಿದವರಲ್ಲಿ ಒಬ್ಬರು ತಮ್ಮ ನೆರೆಯವರೇ ಎಂಬ ಅಭಿಮಾನದಿಂದಲಾದರೂ ಈ ತೆಂಗಿನ ಸೀಮೆಯ ಹುಡುಗರು ನಾಲ್ಕು ಪುಟ ಓದಿಯಾರು ಎಂದು ನನ್ನ ಆಸೆ.

ಪ್ರಬಂಧಗಳು ಬಂದವು. ರಾತ್ರಿ ಊಟ ಮುಗಿಸಿ ಓದಲು ಕುಳಿತೆ. ಮೊದಲನೆಯದು ಚೆನ್ನಾಗಿತ್ತು. ಎರಡನೆಯದೂ ಚೆನ್ನಾಗಿತ್ತು. ಮೂರನೆಯದಕ್ಕೆ ಬರುವ ಹೊತ್ತಿಗೆ, ಇದನ್ನು ಈಗತಾನೇ ಓದಿದೆನಲ್ಲ ಎಂಬ ಗುಮಾನಿ ಹುಟ್ಟಿತು. ಹನ್ನೆರಡಕ್ಕೂ ಹೆಚ್ಚು ಪ್ರಬಂಧಗಳಲ್ಲಿ ವಾಕ್ಯಗಳು ಒಂದೇ, ಹೊಗಳಿಕೆಯ ಮಾತುಗಳು ಒಂದೇ. ಅಷ್ಟೇ ಅಲ್ಲ, ತಪ್ಪೂ ಒಂದೇ. ‘ಅಶ್ವತ್ಥಾಮನ್’ ನಾಟಕಕ್ಕೆ ಮೂಲ ಈಸ್ಕಿಲಸ್ ಕವಿಯ ‘ಏಜಾಕ್ಸ್’ ಎಂದು ಎಲ್ಲರೂ ಬರೆದಿದ್ದರು. ‘ಏಜಾಕ್ಸ್’ ನಾಟಕವನ್ನು ಬರೆದವನು ಸಾಫೊಕ್ಲೀಸ್. ಈಸ್ಕಿಲಸನಿಂದ ‘ಶ್ರೀ’ಯವರು ಕನ್ನಡಕ್ಕೆ ತಂದದ್ದು 1935ರ ‘ಪಾರಸಿಕರು’ ನಾಟಕವನ್ನು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದೇನೂ ಹೊಸ ಅನುಭವವಲ್ಲ. ಓಲೆಗರಿಯ ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಅದರಿಂದ ಏನೂ ತಿಳಿಯದು. ಸರಿ ಎಲ್ಲರಿಗೂ ಸರಿಯೇ. ಒಂದೇ ಬಗೆಯ ತಪ್ಪು ಎರಡರಲ್ಲೂ ಕಂಡರೆ, ಅವೆರಡಕ್ಕೂ ಒಂದೇ ಮಾತೃಕೆಯಿತ್ತೆಂದು ಊಹಿಸಬಹುದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಎಂ. ಎ. ತರಗತಿಯಲ್ಲಿ ಓದಿದ್ದೆನಲ್ಲ, ಅದು ಇಂಥ ಕೆಲಸಕ್ಕೂ ಒದಗೀತೆಂದು ಎಣಿಸಿರಲಿಲ್ಲ. ಮೊಬೈಲು ತೆಗೆದು ಒಂದು ವಾಕ್ಯವನ್ನು ಹುಡುಕಿದೆ. ಅರೆಗಳಿಗೆಯಲ್ಲಿ ಮಾತೃಕೆ ಸಿಕ್ಕಿತು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ಯಾರೋ ಪುಣ್ಯಾತ್ಮರು ಏರಿಸಿದ್ದ ಟಿಪ್ಪಣಿ ಅದು. ಬರೆದವರ ಹೆಸರಿಲ್ಲ, ಆಕರವಿಲ್ಲ, ತಾರೀಖಿಲ್ಲ. ನಮ್ಮ ಹಳೆಯ ಲಿಪಿಕಾರರಾದರೂ ಪ್ರತಿಯ ಕೊನೆಯಲ್ಲಿ ತಮ್ಮ ಹೆಸರು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದುಂಟು. ಅವರು ಮಾಡುತ್ತಿದ್ದುದೂ ನಕಲೇ. ಆದರೆ ಅದನ್ನು ನಕಲು ಎಂದೇ ಹೇಳುತ್ತಿದ್ದರು.

ಮರುದಿನ ಸಂಜೆ, ಆ ಪ್ರಬಂಧ ಬರೆದಿದ್ದವರಲ್ಲಿ ನಮ್ಮೂರಿನವನೇ ಆದ ಒಬ್ಬ ಹುಡುಗನನ್ನು ಮನೆಗೆ ಕರೆಸಿದೆ. ತೋಟದ ಮನೆಯವರ ಮಗ, ಸಂಭಾವಿತ. “ಇದನ್ನು ನೀನೇ ಬರೆದೆಯೇನಪ್ಪ?” ಎಂದೆ. ಅವನು ಸುಳ್ಳು ಹೇಳಲಿಲ್ಲ.

“ಇಲ್ಲ ಸಾರ್, ನೆಟ್ಟಿನಲ್ಲಿ ಇದ್ದದ್ದನ್ನು ಬರೆದೆ.”

“ತಪ್ಪಲ್ಲವೇ?”

“ತಪ್ಪು ಅಂತ ಗೊತ್ತು ಸಾರ್. ಆದರೆ ವಿಷಯ ಸುಳ್ಳಿರಲಾರದು ಅಂದುಕೊಂಡೆ. ನಮ್ಮಕ್ಕನ ನೋಟ್ಸಿನಲ್ಲೂ ಹೀಗೇ ಇದೆ. ಅವಳು ನಿಮ್ಮ ಕ್ಲಾಸಿನಲ್ಲೇ ಬರೆದುಕೊಂಡದ್ದು ಸಾರ್.”

ಆ ನೋಟ್‌ಬುಕ್ಕನ್ನು ತರಿಸಿ ನೋಡಿದೆ. ನಾನು ಬರೆಸಿದ ಟಿಪ್ಪಣಿಯೇ ಹೌದು. ಈಸ್ಕಿಲಸ್ ಅಲ್ಲಿ ನೆಮ್ಮದಿಯಾಗಿ ಕುಳಿತಿದ್ದ. ಅಟ್ಟದ ಮೇಲಿನ ಪೆಟ್ಟಿಗೆಯಿಂದ ನನ್ನ ಎಂ. ಎ. ದಿನಗಳ ಪುಸ್ತಕವನ್ನು ಇಳಿಸಿದೆ. ಅಲ್ಲಿಯೂ ಅವನೇ! ನನ್ನ ಗುರುಗಳು ಬಾಯಿತಪ್ಪಿ ಹೇಳಿದರೋ, ನಾನೇ ಕಿವಿತಪ್ಪಿ ಬರೆದುಕೊಂಡೆನೋ, ಕೇಳೋಣವೆಂದರೆ ಈಗ ಅವರಿಲ್ಲ. ನಾನು ಆ ಪುಟವನ್ನು ವರ್ಷ ವರ್ಷವೂ ಬರೆಸುತ್ತ ಬಂದೆ. ಐದಾರು ವರ್ಷಗಳ ಹಿಂದೆ ಮೂಲವನ್ನು ಓದಿದಾಗ ನನ್ನ ತಿಳಿವಳಿಕೆಯನ್ನು ತಿದ್ದಿಕೊಂಡೆನೇ ಹೊರತು, ಬರೆಸಿದ್ದನ್ನು ತಿದ್ದಲಿಲ್ಲ. ನನ್ನ ಶಿಷ್ಯರಲ್ಲಿ ಯಾರದೋ ಪುಸ್ತಕ ಜೆರಾಕ್ಸ್ ಅಂಗಡಿಯಲ್ಲಿ ಹತ್ತಾಗಿ, ಅಲ್ಲಿಂದ ಅಂತರಜಾಲಕ್ಕೆ ಏರಿ, ಮೊಬೈಲಿನಿಂದ ಇಳಿದು ನನ್ನ ಮೇಜಿಗೇ ಮರಳಿ ಬಂದಿತ್ತು. ಕಳ್ಳನನ್ನು ಹಿಡಿಯಲು ಹೊರಟವನು ತನ್ನ ಮನೆಯ ಬಾಗಿಲನ್ನೇ ತಟ್ಟಿದಂತಾಯಿತು.

ಅಂತರಜಾಲ ಬಂದು ವಿದ್ಯಾರ್ಥಿಗಳು ಕೆಟ್ಟರೆಂದು ನಾವು ಅಧ್ಯಾಪಕರು ಕೂಡಿದಲ್ಲೆಲ್ಲ ಮರುಗುತ್ತೇವೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಹಿಂದೆ ನಕಲು ಮಾಡಬೇಕಾದರೂ ಕೈನೋಯುವಷ್ಟು ಬರೆಯಬೇಕಿತ್ತು. ಬರೆಯುವಾಗ ಒಂದೆರಡು ಮಾತಾದರೂ ತಲೆಗೆ ಹತ್ತುತ್ತಿದ್ದವು. ಈಗ ಬೆರಳೊತ್ತಿದರೆ ಸಾಕು. ಗೂಗಲ್ಲಿನ ಅನುವಾದಯಂತ್ರ 2011ರಲ್ಲಿ ಕನ್ನಡವನ್ನೂ ಸೇರಿಸಿಕೊಂಡಿತು. ಇಂಗ್ಲಿಷ್ ಲೇಖನವೊಂದನ್ನು ಕನ್ನಡದ ವೇಷ ಹಾಕಿಸಿ ತರುವುದು ಸುಲಭವಾಯಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕದಿಯುವುದಕ್ಕೆ ಒಬ್ಬ ಲೇಖಕನೂ ಬೇಡ. ಕೇಳಿದರೆ ಅದೇ ಬರೆದುಕೊಡುತ್ತದೆ. ಬರೆದುದು ಎಲ್ಲಿಂದ ಬಂತೆಂದು ಹೇಳುವವರೇ ಇಲ್ಲ.

ಇದಕ್ಕೆ ಕಾನೂನೂ ಬಂದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯದ ಬಗ್ಗೆ ನಿಯಮಾವಳಿಯನ್ನು ಹೊರಡಿಸಿತು. ಪ್ರೌಢಪ್ರಬಂಧದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 40ರಿಂದ 60ರವರೆಗಾದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಹೋಲಿಕೆ ಹಿಡಿಯುವ ತಂತ್ರಾಂಶವನ್ನು ವಿಶ್ವವಿದ್ಯಾಲಯಗಳಿಗೆ ಒದಗಿಸಲು 2019ರಿಂದ ‘ಶೋಧಶುದ್ಧಿ’ ಎಂಬ ಏರ್ಪಾಡೂ ಆಗಿದೆ. ಆಗಬೇಕಾದದ್ದೇ. ಆದರೆ ಯಂತ್ರ ನೋಡುವುದು ಪದವನ್ನು, ಪ್ರಾಮಾಣಿಕತೆಯನ್ನಲ್ಲ. ಕನ್ನಡದಲ್ಲಿ ಅದರ ಕಣ್ಣು ಇನ್ನೂ ಮಂಜು. ಯೂನಿಕೋಡಿಗೆ ಸೇರದ ಹಳೆಯ ‘ನುಡಿ’, ‘ಬರಹ’ ಅಕ್ಷರಗಳಲ್ಲಿ ಬೆರಳಚ್ಚಾದ ಕನ್ನಡ ಅದಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮುದ್ರಿತ ಪುಸ್ತಕದ ಪುಟಗಳನ್ನು ಚಿತ್ರವಾಗಿ ತೆಗೆದಿಟ್ಟಿದ್ದರೆ ಅದು ಬರಿಯ ಚಿತ್ರ. ಒಂದು ತಿಂಗಳು ಪದಗಳನ್ನು ಹಿಂದೆಮುಂದೆ ಮಾಡುತ್ತ ಕುಳಿತು ಶೇಕಡಾ 10ರ ಒಳಗೆ ನುಸುಳಿದವನು ನಿಯಮದ ಕಣ್ಣಿನಲ್ಲಿ ನಿರ್ದೋಷಿ!

ಹಾಗಾದರೆ ಪ್ರಾಮಾಣಿಕತೆಯನ್ನು ಅಳೆಯುವುದು ಹೇಗೆ? ಈ ಪ್ರಶ್ನೆ ನಮ್ಮ ಕಾವ್ಯಮೀಮಾಂಸಕರಿಗೆ ಹೊಸದಲ್ಲ. ಶೆಟ್ಟಿಕೆರೆಯಿರುವ ಈ ತಾಲ್ಲೂಕಿನದೇ ಆದ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕೊಟ್ಟು, ಸಂಸ್ಕೃತದ ಆ ವಿಚಾರಲೋಕವನ್ನು ಕನ್ನಡದ ವಿದ್ಯಾರ್ಥಿಯ ಅಂಗಳಕ್ಕೆ ತಂದರು. ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ, ಇಬ್ಬರು ಕವಿಗಳ ನಡುವಿನ ಹೋಲಿಕೆಯನ್ನು ಮೂರು ಬಗೆಯಾಗಿ ಎಣಿಸುತ್ತಾನೆ: ಕನ್ನಡಿಯ ಪ್ರತಿಬಿಂಬದಂಥದು, ಚಿತ್ರದಂಥದು, ಇಬ್ಬರು ಮನುಷ್ಯರ ಮೈಯ ಹೋಲಿಕೆಯಂಥದು. ಪ್ರತಿಬಿಂಬಕ್ಕೆ ತನ್ನದೆಂಬುದಿಲ್ಲ, ಚಿತ್ರಕ್ಕೆ ಇರುವುದು ಅತ್ಯಲ್ಪ, ಇವೆರಡನ್ನೂ ಕವಿ ಬಿಡತಕ್ಕದ್ದು. ಮೂರನೆಯದು ಮಾತ್ರ ದೋಷವಲ್ಲ. ಮುಖ ಹೋಲಿದರೂ ಅಲ್ಲಿ ಜೀವ ಬೇರೆ.

ಈ ಅಳತೆಗೋಲನ್ನು ಹಿಡಿದು ‘ಶ್ರೀ’ಯವರನ್ನೇ ನೋಡಬಹುದು. ಅವರಷ್ಟು ಕಡ ತಂದವರು ಹೊಸಗನ್ನಡದಲ್ಲಿ ವಿರಳ. 1926ರ ಕವನ ಸಂಗ್ರಹಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಋಣಪತ್ರ ಹೊದಿಕೆಯ ಮೇಲೆಯೇ ಇದೆ. ‘ಗದಾಯುದ್ಧ ನಾಟಕಂ’ ರನ್ನನಿಂದ ಬಂತು, ಅದನ್ನೂ ಬಚ್ಚಿಡಲಿಲ್ಲ. ‘ಪಾರಸಿಕರು’ ಅನುವಾದ. ಆದರೆ 1929ರ ‘ಅಶ್ವತ್ಥಾಮನ್’ ಬೇರೆ ಜಾತಿಯದು. ಸಾಫೊಕ್ಲೀಸನ ನಾಟಕದಲ್ಲಿ ಏಜಾಕ್ಸ್ ದೇವತೆಯ ಮಾಯೆಗೆ ಸಿಕ್ಕಿ, ಶತ್ರುಗಳೆಂದು ಭ್ರಮಿಸಿ ದನಗಳ ಮಂದೆಯನ್ನು ಕಡಿಯುತ್ತಾನೆ. ಮಂಕು ಹರಿದ ಮೇಲೆ ಆ ನಾಚಿಕೆಯನ್ನು ತಾಳಲಾರದೆ ತನ್ನ ಕತ್ತಿಯ ಮೇಲೆ ಬೀಳುತ್ತಾನೆ. ಆ ವೀರನ ಪಾಡನ್ನು ‘ಶ್ರೀ’ಯವರು ದ್ರೋಣನ ಮಗನಿಗೆ ತಂದರು. ತಂದೊಡನೆ ತೊಡಕು ಹುಟ್ಟಿತು. ನಮ್ಮ ಪುರಾಣದ ಅಶ್ವತ್ಥಾಮ ಚಿರಂಜೀವಿ. ‘ಶ್ರೀ’ಯವರ ಅಶ್ವತ್ಥಾಮ ತನ್ನ ಕೈಯಿಂದಲೇ ಸಾಯುತ್ತಾನೆ. ಇದು ಸರಿಯೇ ಎಂದು ವಿಮರ್ಶಕರು ಚರ್ಚಿಸುತ್ತಲೇ ಬಂದಿದ್ದಾರೆ. ನನಗೆ ತೋರುವಂತೆ ಈ ತೊಡಕೇ ಆ ನಾಟಕದ ಜೀವ. ಸಾಯಲಾರದೆ ಅಲೆಯುವುದೇ ಶಿಕ್ಷೆಯೆಂದು ನಮ್ಮ ಕಥೆ ಹೇಳುತ್ತದೆ; ಮಾನ ಹೋದ ಮೇಲೆ ವೀರನಿಗೆ ಸಾವೇ ಬಿಡುಗಡೆಯೆಂದು ಗ್ರೀಕರ ಕಥೆ. ಎರಡನ್ನೂ ಒಬ್ಬನ ಎದೆಯಲ್ಲಿ ಇಟ್ಟಾಗ ಏನಾಗುವುದೆಂದು ನೋಡಲು ಹೊರಟವರು ಕದ್ದವರಲ್ಲ, ಕಡ ತಂದು ಬಡ್ಡಿ ಸಮೇತ ತೀರಿಸಿದವರು. ಆ ಹನ್ನೆರಡು ಪ್ರಬಂಧಗಳಲ್ಲಿ ಇದರ ಸುಳಿವೇ ಇರಲಿಲ್ಲ. ಇರುವುದಾದರೂ ಹೇಗೆ? ನಾನು ಬರೆಸಿದ ಟಿಪ್ಪಣಿಯಲ್ಲಿ ಇರಲಿಲ್ಲ.

ನಾವು ಬೇಡಿದ್ದು ಪ್ರತಿಬಿಂಬವನ್ನು. ವಿದ್ಯಾರ್ಥಿಗಳು ತಂದದ್ದೂ ಅದನ್ನೇ. ಬರೆಸುವುದು, ಉರುಹೊಡೆಸುವುದು, ಅದನ್ನೇ ಪರೀಕ್ಷೆಯಲ್ಲಿ ಬರೆಸಿ ಅಂಕ ಕೊಡುವುದು, ಇದು ಅಂತರಜಾಲಕ್ಕಿಂತ ಎಷ್ಟೋ ಹಳೆಯದು. ಗೈಡುಗಳು ಬಾಳಿದ್ದೂ ಇದರ ಮೇಲೆಯೇ. ಅಂತರಜಾಲ ಇದನ್ನು ಹುಟ್ಟಿಸಲಿಲ್ಲ. ಇದರ ವೇಗವನ್ನು ಹೆಚ್ಚಿಸಿತು, ನಾಚಿಕೆಯನ್ನು ಕಡಿಮೆ ಮಾಡಿತು. ಅದೇ ಅಂತರಜಾಲದಲ್ಲಿ ಔಷಧವೂ ಇದೆ ಎಂಬುದನ್ನು ಮರೆಯಬಾರದು. ನಾನು ಓದುತ್ತಿದ್ದಾಗ ಹಳೆಯ ಪುಸ್ತಕವೊಂದನ್ನು ನೋಡಬೇಕಾದರೆ ಶೆಟ್ಟಿಕೆರೆಯಿಂದ ತುಮಕೂರಿಗೋ ಮೈಸೂರಿಗೋ ಹೋಗಬೇಕಿತ್ತು. ಈಗ ಎಷ್ಟೋ ಹಳೆಯ ಕನ್ನಡ ಪುಸ್ತಕಗಳ ಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ; ‘ಶೋಧಗಂಗಾ’ದಲ್ಲಿ ಪಿಎಚ್‌.ಡಿ. ಪ್ರಬಂಧಗಳಿವೆ. ನನ್ನ ತಪ್ಪನ್ನು ಆ ಹುಡುಗ ತೋಟದಲ್ಲಿ ಕುಳಿತೇ ಎರಡು ನಿಮಿಷದಲ್ಲಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ, ಏಕೆಂದರೆ ಮೇಷ್ಟರು ಹೇಳಿದ್ದನ್ನು ಆಕರದೊಡನೆ ತಾಳೆ ನೋಡಬೇಕೆಂದು ನಾವಾರೂ ಅವನಿಗೆ ಕಲಿಸಿರಲಿಲ್ಲ.

ತಪ್ಪು ಹಿರಿಯರಿಂದಲೂ ಆದೀತು. ಆದಾಗ ಮಾಡತಕ್ಕದ್ದೇನು ಎಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ವಿಜ್ಞಾನಿ ಸಿ. ಎನ್. ಆರ್. ರಾವ್ ಅವರು ಸಹಲೇಖಕರಾಗಿದ್ದ 2011ರ ಒಂದು ಸಂಶೋಧನ ಲೇಖನದ ಪೀಠಿಕೆಯಲ್ಲಿ, ಇನ್ನೊಬ್ಬರ ಲೇಖನದ ಕೆಲವು ವಾಕ್ಯಗಳು ಸೇರಿಕೊಂಡಿದ್ದವು. ಆ ಭಾಗವನ್ನು ಬರೆದವನು ಸಂಶೋಧನ ವಿದ್ಯಾರ್ಥಿ. ಲೇಖಕರು ಲೇಖನ ಅಚ್ಚಾದ ಪತ್ರಿಕೆಯಲ್ಲಿಯೇ ಕ್ಷಮೆ ಕೇಳಿದರು. ತಪ್ಪು ಎಲ್ಲಿ ಆಯಿತೋ ಅಲ್ಲಿಯೇ ಅದನ್ನು ಒಪ್ಪುವುದು, ಇಷ್ಟನ್ನು ನಾನೂ ಮಾಡಬಹುದಾಗಿತ್ತು. ಮುಂದಿನ ತರಗತಿಯಲ್ಲಿ ಮಾಡಿದೆ. ಕಪ್ಪುಹಲಗೆಯ ಮೇಲೆ ಈಸ್ಕಿಲಸ್ ಎಂದು ಬರೆದು, ಅದನ್ನು ಹೊಡೆದುಹಾಕಿ, ಈ ತಪ್ಪು ನನ್ನದು ಎಂದೆ. ತರಗತಿ ನಗಲಿಲ್ಲ. ಪ್ರಬಂಧಗಳನ್ನು ಅಂಕ ಹಾಕದೆ ಹಿಂದಕ್ಕೆ ಕೊಟ್ಟು, ಒಂದೇ ಷರತ್ತಿನ ಮೇಲೆ ಮತ್ತೆ ಬರೆಯಹೇಳಿದೆ: ಎಲ್ಲಿಂದ ಬೇಕಾದರೂ ತೆಗೆದುಕೊಳ್ಳಿ, ಎಲ್ಲಿಂದ ಎಂಬುದನ್ನು ಹೇಳಿ; ಕೊನೆಗೆ ನಿಮ್ಮದೇ ಆದ ಒಂದು ಪ್ರಶ್ನೆಯನ್ನು ಕೇಳಿ.

ನಮ್ಮೂರ ಹುಡುಗನಿಗೆ ನನ್ನ ‘ಅಶ್ವತ್ಥಾಮನ್’ ಪ್ರತಿಯನ್ನು ಕೊಟ್ಟೆ. ಹಳಗನ್ನಡದ ನಾಟಕ, ಅವನು ಬಹಳ ತಿಣುಕಿದ. ಎರಡು ವಾರ ತಡಮಾಡಿ ಒಂದೂವರೆ ಪುಟ ತಂದ. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು. ಹಿಂದಿನ ಪ್ರಬಂಧದ ಬೆಡಗು ಒಂದಿಷ್ಟೂ ಇರಲಿಲ್ಲ. ಅಶ್ವತ್ಥಾಮ ಇಂದಿಗೂ ಸತ್ತಿಲ್ಲವೆಂದು ಅವನ ಅಜ್ಜಿ ಹೇಳುತ್ತಿದ್ದರಂತೆ. ಹಾಗಿದ್ದ ಮೇಲೆ ‘ಶ್ರೀ’ಯವರು ಅವನನ್ನು ಸಾಯಿಸಿದ್ದೇಕೆ ಎಂದು ಕೊನೆಗೆ ಕೇಳಿದ್ದ. ಪಕ್ಕದಲ್ಲಿ, ಆಕರ: ನಮ್ಮ ಅಜ್ಜಿ, ಎಂದು ಬರೆದಿದ್ದ.

ಈ ಸೀಮೆಯಲ್ಲಿ ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂರಬೇಕು; ಒಳಗಿನ ನೀರು ಬತ್ತಿ, ತಿರುಳು ಚಿಪ್ಪನ್ನು ಬಿಡುವವರೆಗೆ ಕಾಯಬೇಕು. ಇದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಎರಡು ವಾರ ತಡವಾಗಿದ್ದಕ್ಕೆ ನಾನು ಅಂಕ ಕಳೆಯಲಿಲ್ಲ.