ಪ್ರವಾಸದ ಹಾಳೆಯೂ ಸಂಭಾವನಾರ್ಥಕವೂ

ವಿಮರ್ಶೆಗೆಂದು ಬರುವ ಗ್ರಂಥಗಳ ಸಾಲಿನಲ್ಲಿ, ಪ್ರವಾಸ ಏರ್ಪಡಿಸುವ ಸಂಸ್ಥೆಗಳು ಗಿರಾಕಿಗಳಿಗೆ ಹಂಚುವ ಕಾರ್ಯಕ್ರಮದ ಹಾಳೆಗೆ ಇದುವರೆಗೆ ಸ್ಥಾನ ದೊರೆತಿಲ್ಲ. ದೊರೆಯಬೇಕೆಂಬುದು ನನ್ನ ವಾದ. ವರ್ಷಕ್ಕೊಂದು ಕವನಸಂಗ್ರಹವನ್ನೂ ಕೊಳ್ಳದ ಮನೆಯವರು ಈ ಹಾಳೆಯನ್ನು ಮೂರು ಮೂರು ಸಲ ಓದುತ್ತಾರೆ. ಓದಿ, ನಂಬಿ, ಕೂಡಿಟ್ಟ ಹಣವನ್ನು ಅದರ ಮಾತಿನ ಮೇಲೆ ಇಡುತ್ತಾರೆ. ಯಾವ ಕವಿಗೆ ಇಂಥ ಓದುಗ ಸಿಕ್ಕಾನು?

ಶಿಕಾರಿಪುರದ ಸೀಮೆಯಲ್ಲಿ ಕನ್ನಡ ಪಾಠ ಹೇಳುವವನಾದ್ದರಿಂದ ತಾಳಗುಂದ ನೋಡಬಂದವರಲ್ಲಿ ಕೆಲವರು ನನ್ನನ್ನು ವಿಚಾರಿಸುವುದುಂಟು. ಹಾಳೆ ಅವರ ಕೈಯಲ್ಲೇ ಇರುತ್ತದೆ. ಈಗೀಗ ಫೋನಿನ ಪರದೆಯ ಮೇಲೆ. ಅಂಥ ಒಂದರಲ್ಲಿ ಊರಿಗೆ ಮೀಸಲಾದ ವಾಕ್ಯ ಇಷ್ಟು: “ಕಣ್ಮನ ತಣಿಸುವ ದೇವಾಲಯ, ಕನ್ನಡದ ಪ್ರಪ್ರಥಮ ಶಾಸನಸ್ತಂಭ, ವೀಕ್ಷಣೆ ಇಪ್ಪತ್ತು ನಿಮಿಷ.” ಹಾಳೆಯ ಹೆಸರು ಬೇಡ, ಉಳಿದವುಗಳ ಮಾತೂ ಹೆಚ್ಚುಕಡಿಮೆ ಹೀಗೆಯೇ ಇದೆ.

ಕಣ್ಮನ ತಣಿಸುವ ಎಂಬ ವಿಶೇಷಣ ಹಳೇಬೀಡಿಗೆ ಸಲ್ಲುತ್ತದೆ, ನೆರೆಯ ಬಳ್ಳಿಗಾವಿಯ ಕೇದಾರೇಶ್ವರನಿಗೂ ಸಲ್ಲುತ್ತದೆ. ತಾಳಗುಂದದ ಪ್ರಣವೇಶ್ವರನದು ಸರಳವಾದ ಗುಡಿ. ಅದರ ಮಹತ್ತ್ವ ಕೆತ್ತನೆಯಲ್ಲಿಲ್ಲ, ಪ್ರಾಚೀನತೆಯಲ್ಲಿದೆ. ಹಾಳೆ ಓದಿ ಬಂದ ನಿವೃತ್ತ ದಂಪತಿಗಳೊಬ್ಬರು ಗುಡಿಯನ್ನು ಒಂದು ಸುತ್ತು ಹಾಕಿ, “ಇಷ್ಟೇನಾ ಮೇಷ್ಟ್ರೇ?” ಎಂದರು. ಆ ಪ್ರಶ್ನೆಯಲ್ಲಿ ಅವರ ತಪ್ಪಿಲ್ಲ, ಗುಡಿಯ ತಪ್ಪೂ ಇಲ್ಲ. ಒಂದು ವಿಶೇಷಣ ಅವರಿಬ್ಬರ ನಡುವೆ ನಿಂತುಬಿಟ್ಟಿತ್ತು.

ಎರಡನೆಯ ಮಾತು ಇನ್ನೂ ಕೆಟ್ಟದ್ದು. ಗುಡಿಯ ಮುಂದಿರುವ ಸ್ತಂಭದ ಶಾಸನ ಕನ್ನಡದ್ದಲ್ಲ, ಸಂಸ್ಕೃತದ್ದು: ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ 34 ಪದ್ಯಗಳ ಕಾವ್ಯ. ಕನ್ನಡದ ಪ್ರಾಚೀನತೆಯ ಚರ್ಚೆಗೆ ಕಾರಣವಾದ ಕಲ್ಲೇ ಬೇರೆ. ಇಲ್ಲಿ 2013ರಲ್ಲಿ ನಡೆದ ಉತ್ಖನನದಲ್ಲಿ ಸಿಂಹದ ಆಕೃತಿಯುಳ್ಳ ಕಟಾಂಜನವೊಂದು ದೊರೆಯಿತು. ಅದರಲ್ಲಿ ಸಂಸ್ಕೃತದ ಜೊತೆಗೆ ಕನ್ನಡವಿದೆ. ಪುರಾತತ್ತ್ವ ಇಲಾಖೆ ಅದನ್ನು ಕ್ರಿ.ಶ. 370ರ ಸುಮಾರಿನದೆಂದು ಹೇಳಿದ ಮೇಲೆ, 450ರ ಸುಮಾರಿನದೆಂದು ನಾವು ಪಾಠ ಹೇಳುತ್ತ ಬಂದ ಹಲ್ಮಿಡಿಯ ಶಾಸನಕ್ಕೆ ಎರಡನೆಯ ಸ್ಥಾನ ಬಂತು. ಹಾಳೆ ಬರೆದವರು ಎಲ್ಲಿಯೋ ಈ ಸುದ್ದಿಯನ್ನು ಕೇಳಿ, ಎರಡು ಕಲ್ಲುಗಳನ್ನು ಒಂದು ಮಾಡಿದ್ದಾರೆ. ಪರಿಣಾಮವಾಗಿ, ದೂರದಿಂದ ಬಂದ ಕನ್ನಡಿಗರು ಸಂಸ್ಕೃತದ ಕಂಬದಲ್ಲಿ ಕನ್ನಡದ ಅಕ್ಷರವನ್ನು ಹುಡುಕುತ್ತ ನಿಲ್ಲುತ್ತಾರೆ.

ಇನ್ನು ಇಪ್ಪತ್ತು ನಿಮಿಷ. ಕಂಬ ಎಂಟು ಮೂಲೆಯದು. ಸಾಲುಗಳು ಅಡ್ಡಲಾಗಿಲ್ಲ, ಬುಡದಿಂದ ಮೇಲಕ್ಕೆ ಏರುತ್ತವೆ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದು. ಕತ್ತು ವಾಲಿಸಿ ಪ್ರದಕ್ಷಿಣೆ ಬರಬೇಕಾದ ಕಾವ್ಯ ಇದು. ಲಿಪಿ ತಿಳಿಯದವರಿಗೂ ಇಷ್ಟು ಮೊದಲೇ ಹೇಳಿದ್ದರೆ ನೋಟ ಬೇರೆಯಾದೀತು. ಕಥೆಯನ್ನು ಹೇಳಿದರಂತೂ ಕೇಳುವುದೇ ಬೇಡ: ಮಯೂರಶರ್ಮ ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಾಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು. (ಕಾರ್ಯಕ್ರಮದ ಹಾಳೆಯಂತೆ ನಡೆಯದ ಪ್ರಯಾಣದಿಂದ ನಮಗೊಂದು ರಾಜವಂಶವೇ ದಕ್ಕಿತು!) ಶಾಸನಕ್ಕೆ ನಿಮಿತ್ತವಾದದ್ದು ಕಾಕುಸ್ಥವರ್ಮ ಇಲ್ಲಿ ಕಟ್ಟಿಸಿದ ಕೆರೆ. ನಾನು ಕಂಡ ಯಾವ ಹಾಳೆಯಲ್ಲಿಯೂ ಕೆರೆಯ ಮಾತಿಲ್ಲ.

ತಪ್ಪುಗಳ ಪಟ್ಟಿ ಮಾಡುವುದು ಸುಲಭ. ನನಗೆ ಮುಖ್ಯವಾಗಿ ಕಾಣುವುದು ಈ ಗದ್ಯದ ವ್ಯಾಕರಣ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯಂಥ ಪ್ರವಾಸಕಥನ ಹೋಗಿಬಂದವರ ಮಾತು, ಭೂತಕಾಲದ್ದು, ತನ್ನದೇ ಅನುಭವದ್ದು. ಸಲಹೆಗಾರನ ಮಾತು ಇನ್ನೊಬ್ಬರು ಹೊರಡುವ ಮುನ್ನ ಆಡುವಂಥದ್ದು. ಹಾಳೆಯವರು ಅದಕ್ಕೆ ಭವಿಷ್ಯತ್ಕಾಲವನ್ನು ಹಿಡಿದಿದ್ದಾರೆ: ತಲಪುವಿರಿ, ನೋಡುವಿರಿ, ಆನಂದಿಸುವಿರಿ. ಜ್ಯೋತಿಷಿಗಳೂ ಇಷ್ಟು ಧೈರ್ಯ ಮಾಡರು. ಆದರೆ ಕನ್ನಡದಲ್ಲಿ ಇದಕ್ಕೆಂದೇ ಹುಟ್ಟಿದ ರೂಪವೊಂದಿದೆ, ಸಂಭಾವನಾರ್ಥಕ. ಬಸ್ಸು ತಡವಾದೀತು, ಗುಡಿಯ ಬಾಗಿಲು ಹಾಕಿದ್ದೀತು, ಮಳೆಗಾಲದಲ್ಲಿ ಕಲ್ಲು ಜಾರೀತು, ಅಮ್ಮನವರಿಗೆ ಆಯಾಸವಾದೀತು. ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಕಂಡಕ್ಟರು ದಿನಕ್ಕೆ ನೂರು ಸಲ ಆಡುವ ಈ ರೂಪ, ಹಾಳೆಗೆ ಬರುವಷ್ಟರಲ್ಲಿ ಮಾಯವಾಗುತ್ತದೆ. ಅದರ ಜೊತೆಗೆ ನಿಷೇಧಾರ್ಥಕವೂ ಮಾಯ. “ನಿಮಗೆ ಈ ಊರು ಬೇಡ” ಎಂಬ ವಾಕ್ಯವನ್ನು ನಾನು ಯಾವ ಹಾಳೆಯಲ್ಲಿಯೂ ಓದಿಲ್ಲ. ಸಲಹೆಗಾರನ ವಾಕ್ಯಗಳಲ್ಲಿ ಅದೇ ಅತ್ಯಂತ ಬೆಲೆಯುಳ್ಳದ್ದು.

ಇದಕ್ಕೆ ಕಾರಣ ಭಾಷೆಯಲ್ಲಿ ಮಾತ್ರವಿಲ್ಲ. ಸಲಹೆ ಕೊಡುವವನ ಆದಾಯ ಹೋಟೆಲಿನ ಕಮಿಷನ್ನಿನಿಂದ, ವಾಹನದ ಬಾಡಿಗೆಯಿಂದ ಬರುವಾಗ, ಹೋಗಬೇಡಿ ಎನ್ನುವುದು ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ. ಇದು ನಿಜವಾದ ಕಷ್ಟ. ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ಸಂಬಳ ತರುವ ಕೆಲಸಗಳಲ್ಲೆಲ್ಲ ಇಂಥ ಕಷ್ಟವಿದೆ. ಪಠ್ಯಪುಸ್ತಕ ಬರೆಯುವ ನಮ್ಮವರಿಗೂ ಇದೆ. ಸಲಹೆಗೆಂದೇ ಶುಲ್ಕ ಪಡೆಯುವ ಪದ್ಧತಿ ಕೆಲವೆಡೆ ಬಂದಿದೆ. ಅದು ಬೆಳೆದರೆ ಬೇಡ ಎನ್ನುವ ನಾಲಗೆಗೆ ಸ್ವಲ್ಪ ಧೈರ್ಯ ಬಂದೀತು.

ಈ ಉದ್ಯೋಗದ ಪೂರ್ವಜರು ಒರಟು ವ್ಯಾಪಾರಿಗಳೇನೂ ಅಲ್ಲ. ಇಂಗ್ಲೆಂಡಿನ ಥಾಮಸ್ ಕುಕ್ 1841ರಲ್ಲಿ ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಜನರನ್ನು ಒಯ್ದದ್ದು ಪಾನನಿರೋಧದ ಸಭೆಗೆ. ಜರ್ಮನಿಯ ಕಾರ್ಲ್ ಬೇಡೆಕರ್ ತನ್ನ ಕೈಪಿಡಿಗಾಗಿ ಮಿಲಾನಿನ ಚರ್ಚಿನ ಮೆಟ್ಟಿಲುಗಳನ್ನು ಹತ್ತುವಾಗ, ಎಣಿಕೆ ತಪ್ಪದಿರಲೆಂದು ಬಟಾಣಿ ಕಾಳುಗಳನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತಿದ್ದನೆಂಬ ಕಥೆ ಪ್ರಸಿದ್ಧವಾಗಿದೆ. ಕಥೆಯೇ ಇರಲಿ, ಮೊಣಕಾಲು ನೋವಿನ ಯಾತ್ರಿಕನಿಗೆ “ರಮಣೀಯ” ಎಂಬ ಮಾತಿಗಿಂತ ಮೆಟ್ಟಿಲುಗಳ ಸಂಖ್ಯೆ ದೊಡ್ಡ ಉಪಕಾರ.

ನಮ್ಮಲ್ಲಿ ಮೆಟ್ಟಿಲಿನ ಮಾತಿರಲಿ, ಊರಿನ ಹೆಸರನ್ನೂ ಎಣಿಸಿ ನೋಡುವವರು ಕಡಮೆ. ಬೆಂಗಳೂರಿನ ಒಂದು ಕುಟುಂಬಕ್ಕೆ ತಾಳಗುಂದಕ್ಕೆಂದು ಕೊಡಿಸಿದ ರೈಲಿನ ಟಿಕೆಟ್ ತಾಳಗುಪ್ಪದ್ದಾಗಿತ್ತು. ತಾಳಗುಪ್ಪ ಇರುವುದು ಸಾಗರ ತಾಲ್ಲೂಕಿನಲ್ಲಿ, ಜೋಗಕ್ಕೆ ಹೋಗುವವರು ಇಳಿಯುವ ಕೊನೆಯ ನಿಲ್ದಾಣ. ತಾಳಗುಂದಕ್ಕೆ ಬರುವವರು ಶಿವಮೊಗ್ಗದಲ್ಲಿಯೇ ಇಳಿದು, ಶಿಕಾರಿಪುರ, ಶಿರಾಳಕೊಪ್ಪದ ದಾರಿ ಹಿಡಿಯಬೇಕು. ಆ ಮನೆಯವರು ವಯಸ್ಸಾದ ತಾಯಿಯನ್ನು ಕರೆದುಕೊಂಡು ಸಾಗರ, ಸೊರಬ ಸುತ್ತಿ ಬರುವ ಹೊತ್ತಿಗೆ ಸಂಜೆಯಾಗಿತ್ತು. ಆಕೆ ಶಾಸನದ ಕಡೆ ನೋಡಲಿಲ್ಲ; ಗುಡಿಯ ಜಗಲಿಯ ಮೇಲೆ ಕೂತು ನೀರು ಕೇಳಿದರು.

ನನ್ನನ್ನು ಕೇಳಿದರೆ ತಾಳಗುಂದದ ವಾಕ್ಯವನ್ನು ಹೀಗೆ ತಿದ್ದುತ್ತೇನೆ: “ಚಿಕ್ಕ ಗುಡಿ, ಕೆತ್ತನೆ ಕಡಮೆ. ಕದಂಬರ ಕಥೆ ತಿಳಿದವರಿಗೆ, ತಿಳಿಯಬಯಸುವವರಿಗೆ ಅರ್ಧ ದಿನವೂ ಸಾಲದೆ ಹೋದೀತು; ಉಳಿದವರಿಗೆ ಹತ್ತು ನಿಮಿಷವೂ ಹೆಚ್ಚಾದೀತು. ಕಂಬದ ಸಂಸ್ಕೃತವನ್ನು ಬಿಡಿಸಿ ಹೇಳಬಲ್ಲವರನ್ನು ಮೊದಲೇ ವಿಚಾರಿಸಿಕೊಳ್ಳಿ. ಕೆರೆಯನ್ನು ಮರೆಯಬೇಡಿ. ಶಿಲ್ಪವೇ ಬೇಕಾದರೆ ನೇರವಾಗಿ ಬಳ್ಳಿಗಾವಿಗೆ ಹೋಗಿ.”

ಇದನ್ನು ಪರಿಚಯದ ಏಜೆಂಟರೊಬ್ಬರಿಗೆ ಓದಿ ಹೇಳಿದೆ. ಕೊನೆಯ ವಾಕ್ಯವನ್ನು ತೆಗೆದರೆ ಅಚ್ಚು ಹಾಕಿಸುತ್ತೇನೆ ಎಂದರು. ತೆಗೆಯಲಾರೆ ಎಂದಿದ್ದೇನೆ, ಮಾತುಕತೆ ಇನ್ನೂ ನಡೆದಿದೆ.