ಅಗಸ್ತ್ಯನೂ ಸುಹೈಲನೂ ಒಂದೇ ನಕ್ಷತ್ರ

ಬೆಂಗಳೂರಿನಿಂದ ಅಬುಧಾಬಿಗೆ ಹೊರಟ ಕನ್ನಡಿಗರು ವಿಮಾನ ಹತ್ತುವ ನಿಲ್ದಾಣಕ್ಕೆ 2013ರಿಂದ ಕೆಂಪೇಗೌಡರ ಹೆಸರಿದೆ. 1537ರಲ್ಲಿ ಬೆಂಗಳೂರು ಕಟ್ಟಿಸಿದ ಆ ನಾಡಪ್ರಭುವಿನ ಹೆಸರು ಶುರುವಾಗುವುದೇ ಒಂದು ಬಣ್ಣದಿಂದ. ತಂದೆ ಕೆಂಪನಂಜೇಗೌಡರ ಹೆಸರಿನಲ್ಲೂ ಅದೇ ಕೆಂಪು. ಇಳಿಯುವ ಊರಿನ ಹೆಸರಿನಲ್ಲಿ ಹುಲ್ಲೆಯಿದೆ. 1761ರಲ್ಲಿ ಬನಿ ಯಾಸ್ ಬುಡಕಟ್ಟಿನ ಬೇಟೆಗಾರರು ಹುಲ್ಲೆಯೊಂದರ ಜಾಡು ಹಿಡಿದು ಹೋಗಿ ನೀರಿನ ಸೆಲೆ ಕಂಡರೆಂಬುದು ಅಲ್ಲಿಯ ಐತಿಹ್ಯ. ಅಬುಧಾಬಿ ಎಂದರೆ ಹುಲ್ಲೆಯ ತಂದೆ. ಬಣ್ಣದ ಹೆಸರಿನ ನಿಲ್ದಾಣದಿಂದ ಹೊರಟು ಪ್ರಾಣಿಯ ಹೆಸರಿನ ಊರಲ್ಲಿ ನೆಲೆಸಿದ ನಮ್ಮ ಕುಟುಂಬಗಳು ತಮ್ಮ ಮಕ್ಕಳಿಗೆ ಎಂಥ ಹೆಸರು ಇಡುತ್ತಿವೆ? ಎಮಿರೇಟ್ಸ್‌ನ ಕನ್ನಡಿಗರ ನಾಮಕರಣವನ್ನು ಒಂದು ಸಾಂಸ್ಕೃತಿಕ ಆಚರಣೆಯಾಗಿ ಒರೆಗೆ ಹಚ್ಚಿ ನೋಡುವ ಕಾಲ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ಪ್ರಕೃತಿ ಮತ್ತು ಬಣ್ಣದ ಹೆಸರುಗಳ ಎರಡು ದೊಡ್ಡ ಭಂಡಾರಗಳು, ಒಂದು ತವರಿನದು, ಇನ್ನೊಂದು ನೆಲೆ ಕೊಟ್ಟ ನಾಡಿನದು, ಕೈಗೆಟಕುವಷ್ಟು ಹತ್ತಿರವಿರುವಾಗಲೂ ನಾವು ಮೂರನೆಯ ಕಡೆಯಿಂದ, ಬೇರು ಗೊತ್ತಿಲ್ಲದ ಪಟ್ಟಿಗಳಿಂದ ಹೆಸರು ತರುತ್ತಿದ್ದೇವೆ.

ಮೊದಲು ನೆಲೆ ಕೊಟ್ಟ ನಾಡನ್ನು ನೋಡೋಣ. ಅಲ್ಲಿ ಹೆಣ್ಣುಮಕ್ಕಳಿಗೆ ರೀಮ್ ಎಂಬ ಹೆಸರು ಬಲು ಸಾಮಾನ್ಯ. ಅದು ಮರಳುಗಾಡಿನ ಬಿಳಿಯ ಹುಲ್ಲೆ. ಮಹಾ ಎಂದರೆ ಓರಿಕ್ಸ್ ಎಂಬ ದೊಡ್ಡ ಹುಲ್ಲೆ. ಅದರ ದೊಡ್ಡ ಕಪ್ಪು ಕಣ್ಣುಗಳಿಗಾಗಿ ಆ ಹೆಸರು. ದಾನಾ ಎಂದರೆ ದೊಡ್ಡ ಮುತ್ತು. ಗಂಡುಮಕ್ಕಳಿಗೆ ಸಕ್ರ್, ಅಂದರೆ ಡೇಗೆ. ಮತರ್ ಮತ್ತು ಗೈತ್ ಎರಡೂ ಮಳೆ. ಸುಹೈಲ್ ಒಂದು ನಕ್ಷತ್ರ. ಇವು ತೊಟ್ಟಿಲಲ್ಲಿ ಮುದ್ದಿಗೆ ಕರೆದು ಆಮೇಲೆ ಮರೆಯುವ ಹೆಸರುಗಳಲ್ಲ. ರಾಸ್ ಅಲ್ ಖೈಮಾವನ್ನು 1948ರಿಂದ 2010ರವರೆಗೆ ಆಳಿದ ದೊರೆ ಶೇಖ್ ಸಕ್ರ್. ದುಬೈ ಎಕ್ಸ್‌ಪೋ 2020ರ ಹೊಣೆ ಹೊತ್ತ ಸಚಿವೆ ರೀಮ್ ಅಲ್ ಹಾಶಿಮಿ. ಇಂಧನ ಸಚಿವ ಸುಹೈಲ್ ಅಲ್ ಮಜ್ರೂಯಿ. ದುಬೈನ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರದ ಮುಖ್ಯಸ್ಥ ಮತರ್ ಅಲ್ ತಾಯರ್. ವರ್ಷಕ್ಕೆ ಸರಾಸರಿ ನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ದೇಶ ತನ್ನ ಗಂಡುಮಗನನ್ನು ‘ಮಳೆ’ ಎಂದು ಕರೆದರೆ, ಆ ಹೆಸರಿನಲ್ಲಿ ಒಂದು ಜನಾಂಗದ ಬಾಯಾರಿಕೆಯೂ ಪ್ರಾರ್ಥನೆಯೂ ಇರುತ್ತದೆ. 2024ರ ಏಪ್ರಿಲ್ 16ರಂದು ಅಲ್ ಐನ್ ಕಡೆ ಒಂದೇ ದಿನದೊಳಗೆ 254 ಮಿಲಿಮೀಟರ್ ಸುರಿದು, 1949ರಿಂದ ದಾಖಲಾದ ಮಳೆಗಳನ್ನೆಲ್ಲ ಮೀರಿಸಿ, ಊರುಗಳು ಮುಳುಗಿದ ಮೇಲೂ ಆ ಹೆಸರಿನ ಗೌರವ ಕುಂದಿಲ್ಲ.

ಈ ಹೆಸರುಗಳಲ್ಲಿ ನಾನು ಮೆಚ್ಚುವುದು ಅವುಗಳ ಪ್ರತ್ಯಕ್ಷತೆಯನ್ನು. ಮಹಾ ಎಂಬ ಹುಡುಗಿ ಓರಿಕ್ಸನ್ನು ಹೋಗಿ ನೋಡಬಹುದು. ಮರಳುಗಾಡಿನಲ್ಲಿ 1972ರ ಹೊತ್ತಿಗೆ ನಿರ್ನಾಮವಾಗಿದ್ದ ಆ ಪ್ರಾಣಿಯನ್ನು, ಅದಕ್ಕೂ ಮೊದಲೇ ದೇಶದ ಸಂಸ್ಥಾಪಕ ಶೇಖ್ ಜಾಯೆದ್ ಅಲ್ ಐನ್‌ನಲ್ಲಿ ಸಾಕಿ ಉಳಿಸಲು ಹೊರಟಿದ್ದರಿಂದ, ಇವತ್ತು ಅದು ದುಬೈನ ಮರುಭೂಮಿ ಸಂರಕ್ಷಣಾ ವಲಯದಲ್ಲಿ ಓಡಾಡಿಕೊಂಡಿದೆ. ಹೆಸರೂ ಪ್ರಾಣಿಯೂ ಒಟ್ಟಿಗೆ ಉಳಿದವು. ಮುತ್ತಿನ ಹೆಸರಿನದು ಇನ್ನೊಂದು ಬಗೆ. ಜಪಾನಿನ ಕೃಷಿ ಮುತ್ತುಗಳು ಬಂದು 1930ರ ದಶಕದಲ್ಲಿ ಕೊಲ್ಲಿಯ ಮುತ್ತಿನ ವ್ಯಾಪಾರ ಕುಸಿಯಿತು. ಮುಳುಗುಗಾರರ ಕಸುಬು ಹೋಯಿತು, ಆದರೆ ದಾನಾ ಎಂಬ ಹೆಸರು ಮನೆಮನೆಯಲ್ಲಿ ಆ ಕಡಲಿನ ನೆನಪನ್ನು ಇಟ್ಟುಕೊಂಡಿದೆ.

ನಮ್ಮ ಭಂಡಾರವೇನೂ ಬಡವಾದುದಲ್ಲ. ಕೆಂಪಮ್ಮ, ಕೆಂಚಪ್ಪ, ಕರಿಯಪ್ಪ, ಕಾಳಮ್ಮ, ನೀಲವ್ವ, ಹೊನ್ನಮ್ಮ, ಬೆಳ್ಳಿಯಪ್ಪ, ಮುತ್ತಣ್ಣ, ಬೆಟ್ಟಪ್ಪ, ಕಲ್ಲಪ್ಪ, ಗಂಗಮ್ಮ, ತುಂಗಾ, ಹೇಮಾವತಿ, ಸಂಪಿಗೆ, ಸೇವಂತಿ: ಒಂದು ಹಳ್ಳಿಯ ಮತದಾರರ ಪಟ್ಟಿಯನ್ನು ಓದಿದರೆ ಆ ಸೀಮೆಯ ಮಣ್ಣು, ಹೊಳೆ, ಹೂವುಗಳೆಲ್ಲ ಕಣ್ಣಮುಂದೆ ಬರುತ್ತಿದ್ದವು. ಹೂವು ಹೆಣ್ಣಿಗೆ ಮಾತ್ರ ಎಂಬ ಕಟ್ಟಳೆಯೂ ಇರಲಿಲ್ಲ. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಕುವೆಂಪು ತಮ್ಮ ನಾಯಕನಿಗೆ ಇಟ್ಟ ಹೆಸರು ಹೂವಯ್ಯ. ಕೊಡಗಿನಲ್ಲಿ ಅವನೇ ಪೂವಯ್ಯ. ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಸಿ.ಬಿ. ಮುತ್ತಮ್ಮ ಕೊಡಗಿನವರು, ಅವರ ಮುತ್ತೂ ಕೊಲ್ಲಿಯ ದಾನಾಳೂ ಒಂದೇ ವಸ್ತು. ಮಲ್ಲಿಕಾರ್ಜುನ ಎಂಬ ಗಂಡು ಹೆಸರಿನೊಳಗೆ ಮಲ್ಲಿಗೆಯಿದೆ, ಅರ್ಜುನ ಎಂಬುದರಲ್ಲಿ ಬಿಳುಪಿದೆ. ಕೃಷ್ಣ ಎಂದರೆ ಕಪ್ಪು. ಮಹಾಭಾರತದ ಗೆಳೆಯರಿಬ್ಬರು ಬಣ್ಣದ ಹೆಸರಿನಲ್ಲೇ ಒಂದೇ ರಥದಲ್ಲಿ ಕುಳಿತರು.

ಓದಿದವರು, ಊರು ಬಿಟ್ಟವರು ಇಂಥ ಹೆಸರು ಇಡಲಾರರು ಎನ್ನುವವರಿಗೆ ಎರಡು ಮನೆಗಳನ್ನು ತೋರಿಸಬಹುದು. ಕುವೆಂಪು ಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ ಇವೆ. ತುಂಬಿದ ಚಂದ್ರ, ಕೋಗಿಲೆ ಕೂಗುವ ಚೈತ್ರ, ಚಂದ್ರನ ಕಲೆ. ಸಂಸ್ಕೃತದ ಪದಗಳಾದರೂ ಅವುಗಳ ಹಿಂದೆ ಮಲೆನಾಡಿನ ಆಕಾಶವನ್ನು ದಿನವೂ ನೋಡಿದ ಕಣ್ಣಿದೆ. ಇನ್ನೊಂದು ಮನೆ ರೈತ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರದು. ಹಸಿರು ಶಾಲನ್ನು ರೈತನ ಗುರುತಾಗಿ ಮಾಡಿದ ಚಳವಳಿಯ ಮುಂದಾಳು ಮಗನಿಗೆ ಪಚ್ಚೆ ಎಂದು, ಮಗಳಿಗೆ ಚುಕ್ಕಿ ಎಂದು ಹೆಸರಿಟ್ಟರು. ಒಂದು ಬಣ್ಣ, ಒಂದು ತಾರೆ, ಎರಡೂ ಅಡುಗೆಮನೆಯ ಕನ್ನಡ. ವಿದೇಶದಲ್ಲಿ ಓದಿ ಬಂದ ಕಾನೂನು ಪ್ರಾಧ್ಯಾಪಕರ ಮಕ್ಕಳು ಆ ಹೆಸರಿನಲ್ಲೇ ಸಾರ್ವಜನಿಕ ಬದುಕಿಗೆ ಬಂದರು. ನನ್ನ ಮಟ್ಟಿಗೆ ಆಧುನಿಕ ಕನ್ನಡದ ಅತ್ಯಂತ ಧೀರ ನಾಮಕರಣ ಅದೇ.

ಇನ್ನು ದುಬೈ, ಅಬುಧಾಬಿಗಳ ನಮ್ಮ ಮನೆಗಳಿಗೆ ಬರೋಣ. ಇಲ್ಲಿ ಹೆಚ್ಚಾಗಿ ಕಿವಿಗೆ ಬೀಳುವುದು ಆರವ್, ಕಿಯಾರಾ, ಐರಾ, ಅನಾಯಾಗಳು. ಅರ್ಥ ಕೇಳಿದರೆ ಪಟ್ಟಿಯಲ್ಲಿದ್ದ ಅರ್ಥ ಹೇಳುತ್ತಾರೆ, ಪಟ್ಟಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಆರವ್ ಎಂದರೆ ಶಾಂತಿ ಎಂದು ಆ ಪಟ್ಟಿಗಳು ಸಾರುತ್ತವೆ. ಆದರೆ ಸಂಸ್ಕೃತದ ‘ಆರವ’ ಎಂದರೆ ಸದ್ದು, ಕೂಗು. ಹಕ್ಕಿಗಳ ಕಲರವವನ್ನು ಬಲ್ಲ ಕನ್ನಡಿಗರು ಇದನ್ನು ನಿಘಂಟು ತೆಗೆಯದೆಯೇ ಊಹಿಸಬಹುದಿತ್ತು. ಕಿಯಾರಾ ಎಂಬುದಕ್ಕೆ ಎರಡು ತವರುಗಳಿವೆ. ಇಟಲಿಯಲ್ಲಿ ಅದು ಬೆಳಕು, ಸ್ವಚ್ಛ. ಐರ್ಲೆಂಡಿನಲ್ಲಿ ಅದರ ಜೋಡಿಯಂತಿರುವ ಹೆಸರಿನ ಮೂಲ ಕಪ್ಪು. ಅಜ್ಜಿಯ ‘ಕರಿಯಮ್ಮ’ನನ್ನು ನಾಚಿಕೆಯಿಂದ ಬಿಟ್ಟ ಮನೆ, ಗೊತ್ತಿಲ್ಲದೆ ದೂರದ ದ್ವೀಪದ ಕರಿಯಮ್ಮನನ್ನು ಬರಮಾಡಿಕೊಂಡಿರಬಹುದು. ಕಪ್ಪು ಬಂದಿದ್ದರಲ್ಲಿ ನನಗೆ ತಕರಾರಿಲ್ಲ. ತನ್ನ ಮಗುವನ್ನು ದಿನಕ್ಕೆ ನೂರು ಸಲ ಯಾವ ವಸ್ತುವಿನ ಹೆಸರಿನಿಂದ ಕರೆಯುತ್ತಿದ್ದೇವೆ ಎಂಬುದು ಮನೆಯವರಿಗೇ ತಿಳಿಯದಿರುವುದು ನನ್ನನ್ನು ನೋಯಿಸುತ್ತದೆ.

ಹೆತ್ತವರ ಇಕ್ಕಟ್ಟುಗಳು ನಿಜವಾದವು, ಅವನ್ನು ಹಗುರಾಗಿ ಕಾಣಬಾರದು. ಎಮಿರೇಟ್ಸ್‌ನಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ವಾಸದ ವೀಸಾ ಆಗಬೇಕು. ಅದಕ್ಕೆ ಪಾಸ್‌ಪೋರ್ಟ್, ಅದಕ್ಕೂ ಮೊದಲು ಜನನ ಪ್ರಮಾಣಪತ್ರ. ಊರಿನಿಂದ ಅಜ್ಜಿ-ತಾತ ಬರುವವರೆಗೆ, ತೊಟ್ಟಿಲ ಶಾಸ್ತ್ರದ ದಿನದವರೆಗೆ ಕಾಗದಗಳು ಕಾಯುವುದಿಲ್ಲ. ಮಗುವಿನ ಹೆಸರು ಅರಬ್ಬಿ ಲಿಪಿಯಲ್ಲೂ ಬರೆಯಲ್ಪಡುತ್ತದೆ. ಅರಬ್ಬಿಯಲ್ಲಿ ಪಕಾರವಿಲ್ಲ, ಪಲ್ಲವಿ, ಪೂರ್ಣಿಮಾ ಬಕಾರದಿಂದ ಶುರುವಾಗುತ್ತಾರೆ. ಚಕಾರಕ್ಕೆ ಎರಡು ಅಕ್ಷರ ಜೋಡಿಸಬೇಕು. ಳಕಾರ, ಣಕಾರಗಳಿಗೆ ಜಾಗವೇ ಇಲ್ಲ. 2022ರ ನವೆಂಬರ್‌ನಲ್ಲಿ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂಬ ನಿಯಮ ಬಂದಾಗ, ಊರಿನ ಹೆಸರು ಅಪ್ಪನ ಹೆಸರುಗಳನ್ನು ಇನಿಷಿಯಲ್‌ನಲ್ಲಿ ಅಡಗಿಸಿಡುವ ನಮ್ಮ ಪದ್ಧತಿಯವರಿಗೆ ಹೆಸರು ಎಂಬುದೇ ಒಂದು ಆತಂಕವಾಯಿತು. ಹೀಗಿರುವಾಗ ಎಲ್ಲ ಲಿಪಿಯಲ್ಲೂ ಮುರಿಯದ, ಎಲ್ಲ ನಾಲಿಗೆಗೂ ಹೊಂದುವ ಎರಡಕ್ಷರ ಮೂರಕ್ಷರದ ಹೆಸರು ಹುಡುಕುವುದು ಸಹಜ. ಆದರೆ ನೀಲಾ, ತಾರಾ, ಸಿರಿ, ಮಲ್ಲಿ, ಇಬ್ಬನಿ, ನೇಸರ ಈ ಪರೀಕ್ಷೆಯನ್ನೂ ಸುಲಭವಾಗಿ ದಾಟುತ್ತವೆ. ಲಿಪಿಯ ತೊಡಕಿನಿಂದ ಹೊರಬೀಳುವ ಕನ್ನಡದ ಹೆಸರುಗಳು ಕೆಲವು ಮಾತ್ರ. ಹೆಚ್ಚಿನವು ಹೊರಬಿದ್ದಿರುವುದು ನಾಚಿಕೆಯಿಂದ.

ಆ ನಾಚಿಕೆಯ ಮೂಲ ಬಣ್ಣದಲ್ಲಿದೆ. ಕರಿಯ, ಕೆಂಚ, ಕಾಳ ಎಂಬ ಹೆಸರುಗಳನ್ನು ನಮ್ಮ ಸಮಾಜ ದುಡಿಯುವ ಜಾತಿಗಳಿಗೆ ಅಂಟಿಸಿ, ಏಕವಚನದಲ್ಲಿ ಕೂಗಿ ಕೂಗಿ ಸವೆಸಿತು. ಮೇಲೆ ಬಂದವರು ಆ ಹೆಸರುಗಳಿಂದ ಬಿಡುಗಡೆ ಬಯಸಿದ್ದು ಅವರ ಹಕ್ಕು. ಅವರನ್ನು ಹಿಂದಕ್ಕೆ ಕರೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆಮೇಲೆ ಉಳಿದ ಬಣ್ಣಗಳನ್ನು ನೋಡಿ: ಶ್ವೇತಾ, ಶುಭ್ರಾ, ಗೌರಿ, ಸುವರ್ಣಾ. ಕಪ್ಪಿಗೆ ಸಂಸ್ಕೃತದ ಶ್ಯಾಮಲೆಯಾಗಿ ಮಾತ್ರ ಒಳಗೆ ಬರುವ ಅಪ್ಪಣೆ. ಬಿಳುಪನ್ನೇ ಚೆಲುವೆಂದು ನಂಬಿದ ಮನಸ್ಸು ಹೆಸರಿನ ಭಂಡಾರವನ್ನೂ ಅರ್ಧ ಖಾಲಿ ಮಾಡಿತು. ಅರಬ್ಬರಲ್ಲಿ ಲೈಲಾ ಎಂದರೆ ಇರುಳು, ಸಮ್ರಾ ಎಂದರೆ ಗೋಧಿ ಬಣ್ಣದವಳು. ಎರಡೂ ಪ್ರೀತಿಯ ಮಾತುಗಳು. ಬಿಸಿಲ ನಾಡಿನಲ್ಲಿ ಇರುಳೇ ತಂಪು. ದುಬೈನಂಥ ಊರಿನಲ್ಲಿ, ನೂರು ನಾಡುಗಳ ಮೈಬಣ್ಣಗಳ ನಡುವೆ ಬೆಳೆಯುವ ಕನ್ನಡದ ಮಗುವಿಗೆ ಬಣ್ಣದ ಭಯವನ್ನು ಕಳೆದುಕೊಳ್ಳಲು ಅವಕಾಶವಿದೆ. ಆ ಕೆಲಸ ಹೆಸರಿನಿಂದಲೇ ಶುರುವಾಗಬಹುದು.

ಎರಡು ಭಂಡಾರಗಳು ಒಂದನ್ನೊಂದು ಮುಟ್ಟುವ ಜಾಗಗಳೂ ಇವೆ. ಸುಹೈಲ್ ಎಂಬ ನಕ್ಷತ್ರ ನಮ್ಮ ಅಗಸ್ತ್ಯ. ಲುಬ್ಧಕದ ನಂತರ ಇರುಳಿನ ಆಕಾಶದ ಅತಿ ಪ್ರಕಾಶದ ತಾರೆ ಅದು. ಆಗಸ್ಟ್ 24ರ ಸುಮಾರಿಗೆ ನಸುಕಿನಲ್ಲಿ ದಕ್ಷಿಣದಂಚಿಗೆ ಸುಹೈಲ್ ಮೂಡಿತೆಂದರೆ ಬೇಸಗೆಯ ಕಡುಬಿಸಿ ಇಳಿಯತೊಡಗಿತು ಎಂದು ಕೊಲ್ಲಿಯ ಜನರ ಲೆಕ್ಕ. ಅಗಸ್ತ್ಯ ಮೂಡಿದರೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆ ಎಂದು ನಮ್ಮವರ ನಂಬಿಕೆ. ಒಬ್ಬರಿಗೆ ಬಿಸಿಯಿಂದ, ಇನ್ನೊಬ್ಬರಿಗೆ ಕೆಸರಿನಿಂದ ಬಿಡುಗಡೆ. ಸುದ್ದಿ ತರುವ ತಾರೆ ಒಂದೇ. ಸುರಯ್ಯಾ ಎಂಬ ಹೆಸರು ಅರಬ್ಬಿಯ ಥುರಯ್ಯಾ, ಅವಳೇ ನಮ್ಮ ಕೃತ್ತಿಕಾ. ರೀಮ್‌ಗೆ ನಮ್ಮಲ್ಲಿ ಹರಿಣಿ ಇದ್ದಾಳೆ. ಸ್ವಾತಿಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದೆ ಎಂದು ನಾವು ಹೇಳಿದರೆ, ಮಳೆಯ ಹನಿಯಿಂದಲೇ ಮುತ್ತು ಎಂದು ಅರಬ್ ಜಗತ್ತಿನ ಹಳೆಯ ಕಥೆಗಳೂ ಹೇಳುತ್ತವೆ. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಇಡುವ ರೈಹಾನಾ ಎಂಬ ಹೆಸರಿನ ಗಿಡ ನಮ್ಮ ಕಾಮಕಸ್ತೂರಿ. ಅದೂ ತುಳಸಿಯೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಲ. ತುಳಸಿ ಎಂಬವಳೂ ರೈಹಾನಾ ಎಂಬವಳೂ ಶಾರ್ಜಾದ ಒಂದೇ ಶಾಲಾ ಬಸ್ಸಿನಲ್ಲಿ ಕುಳಿತಿದ್ದರೆ ಅವರು ಅಕ್ಕತಂಗಿಯರು ಎಂದು ಯಾರಾದರೂ ಅವರಿಗೆ ಹೇಳಬೇಕು.

ಈ ಎಲ್ಲವನ್ನೂ ಇಟ್ಟು ತೂಗಿದಾಗ ನನಗೆ ಸಿಗುವ ಅಳತೆಗೋಲು ಒಂದೇ: ಆ ಹೆಸರಿನ ವಸ್ತುವನ್ನು ಮಗುವಿಗೆ ತೋರಿಸಲು ನಮ್ಮಿಂದ ಆಗುತ್ತದೆಯೇ? ಆಗುವುದಾದರೆ ಹೆಸರು ಸಂಸ್ಕೃತದ್ದಿರಲಿ, ಕನ್ನಡದ್ದಿರಲಿ, ಅರಬ್ಬಿಯದಿರಲಿ, ಅದು ಒಳ್ಳೆಯ ಹೆಸರು. ಆಗದಿದ್ದರೆ ಎಷ್ಟು ಇಂಪಾಗಿದ್ದರೂ ಅದು ಬರಿಯ ಸದ್ದು. ಎಮಿರೇಟ್ಸ್‌ನವರು ಈ ಅಳತೆಯಲ್ಲಿ ನಮಗಿಂತ ಮುಂದಿದ್ದಾರೆ. ಅವರಿಂದ ಕಲಿಯಬೇಕಾದದ್ದು ತನ್ನ ನೆಲದ ಪ್ರಾಣಿ, ಮಳೆ, ನಕ್ಷತ್ರಗಳನ್ನು ಸಚಿವರ ಹೆಸರಾಗುವಷ್ಟು ದೊಡ್ಡದೆಂದು ನಂಬುವ ಧೈರ್ಯ. ಅವರ ಹೆಸರುಗಳನ್ನು ಎರವಲು ತಂದರಷ್ಟೇ ಆ ಧೈರ್ಯ ಬರುವುದಿಲ್ಲ.

ಮರುಭೂಮಿಯಲ್ಲಿ ತೋರಿಸಲು ಏನಿದೆ ಎಂದು ಕೇಳುವವರಿಗೆ ಅಲ್ಲಿನ ಗಾಫ್ ಮರವನ್ನು ತೋರಿಸುತ್ತೇನೆ. 2019ನ್ನು ಸಹಿಷ್ಣುತೆಯ ವರ್ಷವೆಂದು ಸಾರಿದಾಗ ಆ ದೇಶ ಲಾಂಛನವಾಗಿ ಆರಿಸಿಕೊಂಡದ್ದು ಅದನ್ನೇ. ಅದು ನಮ್ಮ ಬನ್ನಿ, ಅದೇ ಶಮೀವೃಕ್ಷ. ಉತ್ತರ ಕರ್ನಾಟಕದಲ್ಲಿ ದಸರೆಯ ದಿನ ಇದರ ಎಲೆಯನ್ನೇ ಬಂಗಾರವೆಂದು ಕೈಗೆ ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತೇವೆ. ಕನ್ನಡ ಮಿತ್ರರು ಬಳಗ ದುಬೈನಲ್ಲಿ ನಡೆಸುವ ಕನ್ನಡ ಪಾಠಶಾಲೆಯಲ್ಲಿ ಅಕ್ಷರ ಕಲಿಯುವ ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿತ ದಿನವೇ ಆ ಹೆಸರಿನ ಹೊಳೆ ಯಾವುದು, ಹೂವು ಯಾವುದು, ತಾರೆ ಎಲ್ಲಿದೆ ಎಂಬುದನ್ನೂ ಕಲಿಯಬೇಕು. ಈಗಾಗಲೇ ಆರವ್ ಎಂದೋ ಕಿಯಾರಾ ಎಂದೋ ಕರೆಸಿಕೊಂಡ ಮಕ್ಕಳೂ ಇದರಿಂದ ಹೊರಗುಳಿಯಬೇಕಿಲ್ಲ. ಆರವನಿಗೆ ಅವನ ಹೆಸರಿನಲ್ಲಿ ಹಕ್ಕಿಗಳ ಸದ್ದಿದೆ ಎಂದೂ, ಕಿಯಾರಾಳಿಗೆ ಅವಳ ಹೆಸರಿನಲ್ಲಿ ಬೆಳಕೂ ಕಪ್ಪೂ ಎರಡೂ ಇವೆ, ಎರಡೂ ಚೆಲುವೇ ಎಂದೂ ನಿಜ ಹೇಳೋಣ. ಇನ್ನು ಹುಟ್ಟಲಿರುವವರಿಗೆ ಹೆಸರು ಹುಡುಕುವ ತಾಯ್ತಂದೆಯರು ಅರ್ಜಿ ತುಂಬುವ ಮುನ್ನ ಪಟ್ಟಿಯನ್ನು ಬದಿಗಿಟ್ಟು ಊರಿಗೊಂದು ಫೋನ್ ಮಾಡಲಿ. ಅಜ್ಜಿಯನ್ನು ಕೇಳಿದರೆ ಒಂದು ಹೊಳೆಯ ಹೆಸರೋ ಹೂವಿನ ಹೆಸರೋ ಸಿಕ್ಕೀತು, ಜೊತೆಗೆ ಅದರ ಕಥೆಯೂ.