ನಾಚಿಕೆಯಿಲ್ಲದ ನರಾಚಿ

‘ಕೆಜಿಎಫ್’ ಚಿತ್ರದ ನಾಯಕ ರಾಕಿಯನ್ನು ‘ನಾರ್ಸಿಸಿಸ್ಟ್’ ಎಂದು ಕರೆದು ಕೈತೊಳೆದುಕೊಳ್ಳುವುದು ಈಗ ರೂಢಿಯಾಗಿದೆ. ಅಭಿಮಾನಿಗಳ ಉತ್ತರವೂ ಅಷ್ಟೇ ಸಿದ್ಧವಾಗಿರುತ್ತದೆ: ತಾಯಿಗಾಗಿಯೇ ಬದುಕಿದವನು ಆತ್ಮರತ ಹೇಗಾದಾನು? ಪ್ರಶಾಂತ್ ನೀಲ್ ಅವರ ಎರಡು ಭಾಗಗಳು (2018, 2022) ಕನ್ನಡ ಚಿತ್ರದ ಮಾರುಕಟ್ಟೆಯನ್ನು ಎಷ್ಟು ದೂರ ಒಯ್ದವು, ಭುವನ್ ಗೌಡರ ಕ್ಯಾಮೆರಾ ಏನು ಮಾಡಿತು ಎಂಬುದೆಲ್ಲ ಓದುಗರಿಗೆ ಗೊತ್ತು. ನನ್ನ ತಕರಾರು ಬೇರೆಯದು. ರೋಗದ ಮಟ್ಟ ಮುಟ್ಟಿದ ಆತ್ಮರತಿಯ ಒಡಲಲ್ಲಿ ಇರುವುದು ನಾಚಿಕೆ, ಮತ್ತೆ ಅವಮಾನವಾದೀತೆಂಬ ದಿಗಿಲು. ಚಿತ್ರ ಅದನ್ನು ಪೂರ್ತಿ ಅಳಿಸಿಹಾಕಿದೆ. ಬೈಯುವವರೂ ಹೊಗಳುವವರೂ ಇದನ್ನು ಗಮನಿಸಿಲ್ಲ.

ಹೊಗಳುವವರು ಪದೇ ಪದೇ ಎತ್ತಿ ತೋರಿಸುವ ಬನ್ನಿನ ದೃಶ್ಯವನ್ನೇ ತೆಗೆದುಕೊಳ್ಳಿ. ಬೊಂಬಾಯಿಯ ಗಿಜಿಗುಡುವ ರಸ್ತೆ. ಕೂಸನ್ನೆತ್ತಿಕೊಂಡ ಬಡ ಹೆಂಗಸಿನ ಬನ್ನು ರಸ್ತೆಗೆ ಬಿದ್ದಿದೆ, ಗಾಡಿಗಳು ನಿಲ್ಲುತ್ತಿಲ್ಲ. ರಾಕಿ ನಡುರಸ್ತೆಗಿಳಿದು ಸಂಚಾರ ತಡೆಯುತ್ತಾನೆ, ಬನ್ನು ಎತ್ತಿಕೊಡುತ್ತಾನೆ, ತಾಯಿಗಿಂತ ದೊಡ್ಡ ಯೋಧರಿಲ್ಲ ಎಂಬರ್ಥದ ಮಾತಾಡುತ್ತಾನೆ. ಆ ಸಹಾಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಹೆಂಗಸು ಯಾರು? ಅವಳಿಗೆ ಹೆಸರಿಲ್ಲ, ಹಿಂದುಮುಂದಿಲ್ಲ. ಅವನು ಅವಳಲ್ಲಿ ನೋಡುವುದು ತನ್ನ ತಾಯಿಯನ್ನು, ಅವಳ ಕೂಸಿನಲ್ಲಿ ತನ್ನನ್ನು. ಪರರ ಸಂಕಟ ತನ್ನದೇ ಸಂಕಟದ ರೂಪದಲ್ಲಿ ಎದುರಾದರೆ ಮಾತ್ರ ಅವನ ಎದೆ ಕರಗುತ್ತದೆ. ಆತ್ಮರತರಿಗೆ ಇನ್ನೊಬ್ಬರ ಮನಸ್ಸು ತಿಳಿಯುವುದೇ ಇಲ್ಲ ಎಂಬುದು ಜನಪ್ರಿಯ ತಪ್ಪುಕಲ್ಪನೆ. ಎದುರಿನವರ ಮನಸ್ಸಿನಲ್ಲಿ ಏನಿದೆಯೆಂದು ಅವರು ಬಹುಮಟ್ಟಿಗೆ ಬಲ್ಲರು, ಅದಕ್ಕೆ ಮಿಡಿಯುವುದು ಕಷ್ಟ. ಬನ್ನಿನ ದೃಶ್ಯವನ್ನು ಕರುಣೆಯ ಸಾಕ್ಷಿಯೆಂದು ಮುಂದಿಡುವವರು ಎರಡನೇ ಭಾಗದ ನಾಯಕಿ ರೀನಾಳನ್ನು ನೆನೆಯಲಿ. ತನ್ನ ಮನರಂಜನೆಗೆಂದು ಹೇಳಿ ಅವಳನ್ನು ನರಾಚಿಯ ಚಿನ್ನದ ಗಣಿಗೆ ಹೊತ್ತು ತಂದವನೂ ಇದೇ ರಾಕಿ.

ಮೊದಲ ಭಾಗದಲ್ಲಿ ಕಣ್ಣು ಕಾಣದ ಮುದುಕನನ್ನು ಉಳಿಸಲು ಅವನು ಕಾವಲುಗಾರರ ಮೇಲೆ ಬೀಳುತ್ತಾನಲ್ಲ ಎಂದು ಕೇಳಬಹುದು. ಒಪ್ಪುತ್ತೇನೆ, ಇಡೀ ಚಿತ್ರದಲ್ಲಿ ಅವನು ತನ್ನಿಂದಾಚೆಗೆ ಬರುವಂತೆ ಕಾಣುವ ಗಳಿಗೆ ಅದು. ಮರುಗಳಿಗೆಯೇ ಅದು ಅವನ ಜೈಕಾರವಾಗಿಬಿಡುತ್ತದೆ.

ಇನ್ನು ತಾಯಿ ಪಡೆದ ಮಾತು. ಬಡತನದಲ್ಲಿ ಸಾಯುತ್ತಿರುವ ಹೆಂಗಸು ಮಗನಿಂದ ಮಾತು ತೆಗೆದುಕೊಳ್ಳುತ್ತಾಳೆ: ಹೇಗಾದರೂ ಬದುಕು, ಸಾಯುವಾಗ ದೊಡ್ಡ ಶ್ರೀಮಂತನಾಗಿ ಸಾಯಬೇಕು. ಚಿತ್ರಕ್ಕೆ ಇದು ಆಶೀರ್ವಾದ. ‘ದಿ ಅನಾಲಿಸಿಸ್ ಆಫ್ ದಿ ಸೆಲ್ಫ್’ (1971) ಬರೆದ ಮನೋವಿಶ್ಲೇಷಕ ಹೈಂಜ್ ಕೋಹುಟ್ ಈ ದೃಶ್ಯದಲ್ಲಿ ಗಾಯವನ್ನೇ ಕಾಣುತ್ತಿದ್ದರೆಂದು ನನ್ನ ಎಣಿಕೆ. ಮಗು ಇದ್ದ ಹಾಗೇ ಇದ್ದು ತಾಯಿಯ ಕಣ್ಣಲ್ಲಿ ಹೊಳೆಯಬೇಕು. ಆ ಹೊಳಪು ಸಿಗದ ಮಗು ಅದನ್ನು ಜಗತ್ತಿನಿಂದ ಜೀವಮಾನವಿಡೀ ವಸೂಲಿ ಮಾಡುತ್ತದೆ ಎಂಬುದು ಅವರ ವಾದದ ತಿರುಳು. ಇನ್ನೊಬ್ಬ ಮನೋವಿಶ್ಲೇಷಕ ಒಟ್ಟೊ ಕರ್ನ್‌ಬರ್ಗ್ ಅವರೊಡನೆ ಜಗಳವಾಡಿದರು. ಭವ್ಯತೆಯ ಕೆಳಗೆ ಹೊಟ್ಟೆಕಿಚ್ಚು, ಕ್ರೋಧ ಇವೆ ಎಂದರು. ಇಬ್ಬರಲ್ಲಿ ಯಾರನ್ನೇ ನಂಬಿದರೂ ಕೇಳಬೇಕಾದ ಪ್ರಶ್ನೆ ಒಂದೇ: ಏನೂ ಗೆಲ್ಲದ ರಾಕಿಯನ್ನು ಆ ತಾಯಿ ಪ್ರೀತಿಸುತ್ತಿದ್ದಳೇ? ಹುಡುಗನಿಗೆ ಈ ಅನುಮಾನ ಒಮ್ಮೆಯೂ ಬರುವುದಿಲ್ಲ. ನೀಲ್ ಬರಲು ಬಿಡುವುದಿಲ್ಲ.

ಈಗ ಬೈಯುವವರ ವಿಷಯ; ಇವರ ಮೇಲೆ ನನಗೆ ಹೆಚ್ಚು ಸಿಟ್ಟು. 1980ರಲ್ಲಿ ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂ ಮೂರನೇ ಆವೃತ್ತಿ ಆತ್ಮರತಿಯ ವ್ಯಕ್ತಿತ್ವ ದೋಷವನ್ನು ಪಟ್ಟಿಗೆ ಸೇರಿಸಿತು. ಈಗಿನ ಆವೃತ್ತಿಯಲ್ಲಿ ಒಂಬತ್ತು ಲಕ್ಷಣಗಳಿವೆ, ಐದಿದ್ದರೆ ಸಾಕು. ಅದನ್ನು ಕೈಯಲ್ಲಿ ಹಿಡಿದು ರಾಕಿಗೆ ಅಂಕ ಹಾಕುವುದು ಅರ್ಧ ಗಂಟೆಯ ಕೆಲಸ. ಆದರೆ ಚಿಕಿತ್ಸೆಗೆ ಬರುವವರು ಎದೆಯುಬ್ಬಿಸಿಕೊಂಡು ಬರುವುದು ಕಡಿಮೆ. ಕೆಲಸ ಹೋಗಿದೆ, ಹೆಂಡತಿ ಬಿಟ್ಟಿದ್ದಾಳೆ, ಖಿನ್ನತೆ ಹಿಡಿದಿದೆ, ಸಣ್ಣ ಮಾತಿಗೆ ವಾರಗಟ್ಟಲೆ ನಿದ್ದೆಯಿಲ್ಲ. ಕೂತು ಮಾತಾಡಿಸಿದ ಮೇಲೆ ಒಳಗಿನ ಭವ್ಯ ಕಲ್ಪನೆ ಹೊರಬೀಳುತ್ತದೆ. ಆರನ್ ಪಿಂಕಸ್ ಮತ್ತು ಸಂಗಡಿಗರು 2009ರಲ್ಲಿ ರೂಪಿಸಿದ ಅಳತೆಪಟ್ಟಿ ಭವ್ಯತೆಯ ಜೊತೆಗೆ ಈ ದುರ್ಬಲತೆಯನ್ನೂ ಅಳೆಯುವುದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಈ ಹೆಸರಿನ ಪ್ರತ್ಯೇಕ ವಿಭಾಗವನ್ನೇ ಇಟ್ಟುಕೊಳ್ಳದೆ, ತನ್ನೊಂದಿಗೆ ಮತ್ತು ಪರರೊಂದಿಗೆ ಮನುಷ್ಯನ ಸಂಬಂಧ ಎಷ್ಟು ಹದಗೆಟ್ಟಿದೆ ಎಂಬುದನ್ನು ನೋಡುತ್ತದೆ. ಇಷ್ಟೆಲ್ಲ ನರಳಾಟ ತುಂಬಿದ ಒಂದು ರೋಗದ ಹೆಸರನ್ನು ಬೈಗುಳವಾಗಿ ಬಳಸುವ ವಿಮರ್ಶಕರು ರಾಕಿಗೆ ಏನೂ ಮಾಡಲಾರರು, ರೋಗಿಗಳಿಗೆ ಮಾತ್ರ ಅನ್ಯಾಯ ಮಾಡುತ್ತಾರೆ.

ಅವರು ನೋಡಬೇಕಿದ್ದದ್ದು ಪಾತ್ರಕ್ಕಿಂತ ಹೆಚ್ಚಾಗಿ ಕಥನವನ್ನು. ಅನಂತ್ ನಾಗ್ ಮಾಡಿದ ಆನಂದ್ ಇಂಗಳಗಿ ಕಥೆ ಹೇಳುತ್ತಾನೆ, ಎರಡನೇ ಭಾಗದಲ್ಲಿ ಪ್ರಕಾಶ್ ರಾಜ್ ಮಾಡಿದ ಅವನ ಮಗ. ಶತ್ರುಗಳು, ಪ್ರಧಾನಿ, ಕೂಲಿಗಳು ಎಲ್ಲರೂ ಮಾತಾಡುವುದು ರಾಕಿಯ ಬಗ್ಗೆಯೇ. ಅವನು ಕಿರುಚಿ ಹೇಳಬೇಕಾದ್ದನ್ನು ಇಡೀ ಲೋಕ ಅವನ ಪರವಾಗಿ ಹೇಳುವುದರಿಂದ ಅವನಿಗೆ ನಾಚಿಕೆಪಡುವ ಪ್ರಸಂಗವೇ ಬರುವುದಿಲ್ಲ.

ನಾಚಿಕೆಯನ್ನು ಅಳಿಸಿದ ಈ ಕಥನಕ್ಕೆ ಬೆಲೆ ತೆತ್ತದ್ದು ಗಣಿಯ ಊರು. ಚಿತ್ರದ ನರಾಚಿ ಗಣಿಯ ಗುಲಾಮರು ಒಬ್ಬ ದೇವರಿಗಾಗಿ ಕಾಯುತ್ತಾರೆ. ನಿಜವಾದ ಕೆಜಿಎಫ್‌ನ (ಕೋಲಾರದ ಚಿನ್ನದ ಗಣಿಯ) ಕಾರ್ಮಿಕರು, ಹೆಚ್ಚಿನವರು ತಮಿಳು ದಲಿತರು, 1930ರಲ್ಲಿ ತಮ್ಮ ಬೆರಳಚ್ಚು ತೆಗೆಯುವ ಕಂಪನಿಯ ಕ್ರಮವನ್ನು ವಿರೋಧಿಸಿ ಮುಷ್ಕರ ಹೂಡಿದವರು. ಅವಮಾನವನ್ನು ಅವಮಾನವೆಂದು ಗುರುತಿಸಿ, ಯಾವ ಮಹಾಪುರುಷನನ್ನೂ ಕಾಯದೆ ಎದ್ದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳು ಈಗ ಬೆಳಗಿನ ರೈಲಿಗೆ ಮಾರಿಕುಪ್ಪಂನಲ್ಲಿ ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಪ್ಪಂದಿರ ಎದೆಯಲ್ಲಿ ಸಿಲಿಕಾ ದೂಳು. ಗಣಿ ಬಿಟ್ಟುಹೋದ ಸೈನೈಡ್ ದಿಬ್ಬದ ಮೇಲೆಯೇ ಚಿತ್ರೀಕರಣ ನಡೆಯಿತು. ಅಲ್ಲಿ ಸೋಲು ಎಂದರೇನೆಂದು ಬಲ್ಲ ಜನ ಕೂಗಳತೆಯಲ್ಲೇ ಇದ್ದರು.

ಕೊನೆಯಲ್ಲಿ ರಾಕಿ ಚಿನ್ನವನ್ನೆಲ್ಲ ಹಡಗಿಗೆ ತುಂಬಿ ಅದರೊಂದಿಗೆ ಸಮುದ್ರದಲ್ಲಿ ಮುಳುಗುತ್ತಾನೆ. ತಾಯಿಗೆ ಕೊಟ್ಟ ಮಾತು ಉಳಿಯಿತು ಎಂದು ಚಿತ್ರ ನಮ್ಮಿಂದ ಕಣ್ಣೀರು ಕೇಳುತ್ತದೆ. ಆ ಚಿನ್ನ ಅಗೆದವರು ಯಾರು, ಅದನ್ನು ಮುಳುಗಿಸುವ ಹಕ್ಕು ಅವನಿಗೆ ಎಲ್ಲಿಂದ ಬಂತು ಎಂದು ಆ ದೃಶ್ಯ ಕೇಳುವುದಿಲ್ಲ.